ಕಿಟ್ ಕೈಗೆ ಬಂತು. ಕೈ ಉಳಿಯುವ ಬಗೆ ಹೇಗೆ?

ಮರಗೆಲಸದವರ ಸುರಕ್ಷತೆ ಕನ್ನಡಕ, ಮುಖಗವಸಿನಿಂದಲ್ಲ. ಯಂತ್ರದ ಆಯ್ಕೆಯಿಂದಲೇ ಆರಂಭವಾಗಬೇಕು

ನಮ್ಮ ವರದಿಗಾರರಿಂದ

ಬೆಂಗಳೂರು: ಮರಗೆಲಸದವರಿಗೆ ಉಪಕರಣ ಕೊಡಿಸುವ ವಿಷಯದಲ್ಲಿ ಸರ್ಕಾರಗಳು ಈಚಿನ ವರ್ಷಗಳಲ್ಲಿ ಧಾರಾಳವಾಗಿವೆ. 2023ರ ಸೆಪ್ಟೆಂಬರ್ 17ರಂದು, ವಿಶ್ವಕರ್ಮ ಜಯಂತಿಯ ದಿನ, ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಮೊದಲ ಹೆಸರೇ ಬಡಗಿಯದು. ನೋಂದಾಯಿತ ಕುಶಲಕರ್ಮಿಗೆ 15 ಸಾವಿರ ರೂ.ವರೆಗಿನ ಉಪಕರಣ, ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂ. ಭತ್ಯೆ, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ಬಳಿಕ 2 ಲಕ್ಷ ರೂ. ಸಾಲ. ಯೋಜನೆಯ ಒಟ್ಟು ಗಾತ್ರ 13 ಸಾವಿರ ಕೋಟಿ ರೂ. ಇತ್ತ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯೂ ನೋಂದಾಯಿತ ಕಾರ್ಮಿಕರಿಗೆ ಟೂಲ್ ಕಿಟ್ ವಿತರಿಸಿದೆ.

ಇವೆಲ್ಲವೂ ಸ್ವಾಗತಾರ್ಹವೇ. ಆದರೆ ಇಂಥ ಯೋಜನೆಗಳ ಯಶಸ್ಸನ್ನು ಅಳೆಯುವ ಅಳತೆಗೋಲು ಯಾವುದು? ಎಷ್ಟು ಕಿಟ್ ಹಂಚಲಾಯಿತು, ಎಷ್ಟು ಕೋಟಿ ವೆಚ್ಚವಾಯಿತು ಎಂಬುದಷ್ಟೇ ಸಮಾರಂಭಗಳ ವೇದಿಕೆಯಲ್ಲಿ ಕೇಳಿಬರುವ ಲೆಕ್ಕ. ಆ ಕಿಟ್ಟು ಹಿಡಿದ ಕೈಯಲ್ಲಿ ಐದು ವರ್ಷಗಳ ಅನಂತರವೂ ಐದು ಬೆರಳುಗಳಿವೆಯೇ ಎಂಬ ಲೆಕ್ಕವನ್ನು ಯಾರೂ ಇಡುತ್ತಿಲ್ಲ.

ಕೆಲಸದ ಸ್ಥಳದ ಅವಘಡಗಳ ಬಗ್ಗೆ ದೇಶದಲ್ಲಿ ಪ್ರಕಟವಾಗುವ ಅಧಿಕೃತ ಅಂಕಿಅಂಶಗಳು ಮುಖ್ಯವಾಗಿ ನೋಂದಾಯಿತ ಕಾರ್ಖಾನೆಗಳಿಗೆ ಸಂಬಂಧಿಸಿದವು. ಅರ್ಧ ಮುಗಿದ ಫ್ಲ್ಯಾಟಿನ ಹಜಾರದಲ್ಲಿ ಪ್ಲೈವುಡ್ ಕೊಯ್ಯುವ ಮೂವರು ಕೆಲಸಗಾರರು ಆ ಪುಸ್ತಕದ ಯಾವ ಪುಟದಲ್ಲೂ ಇಲ್ಲ. ರಾಜ್ಯದ ನಗರಗಳಲ್ಲಿ ಇಂದು ನಡೆಯುತ್ತಿರುವ ಮರಗೆಲಸದ ಬಹುಪಾಲು ಇಂಥ ಜಾಗಗಳಲ್ಲೇ ಎಂಬುದು ಗಮನಿಸಬೇಕಾದ ಸಂಗತಿ.

ಕಲ್ಲಿನ ಯಂತ್ರಕ್ಕೆ ಮರದ ಕೆಲಸ

ಉಳಿ, ಬಾಚಿ, ಗರಗಸ, ಕೊಡತಿ, ಹತ್ತರಿ, ಬೈರಿಗೆ - ಒಂದು ಕಾಲಕ್ಕೆ ಬಡಗಿಯ ಚೀಲದಲ್ಲಿದ್ದ ಸಾಮಾನುಗಳಿವು. ಇವುಗಳಿಂದಲೂ ಗಾಯವಾಗುತ್ತಿತ್ತು. ಆದರೆ ಅವು ತೋಳಿನ ಬಲದಿಂದ ನಡೆಯುವ ಉಪಕರಣಗಳು. ಕೈ ನಿಂತರೆ ಉಪಕರಣವೂ ನಿಲ್ಲುತ್ತಿತ್ತು. ಗಿರಾಕಿ ಕೇಳುವುದು ತೇಗದ ಬಾಗಿಲಿನಿಂದ ಪ್ಲೈವುಡ್, ಎಂಡಿಎಫ್ ಮತ್ತು ಲ್ಯಾಮಿನೇಟಿನ ಕಪಾಟಿಗೆ ಬದಲಾದಂತೆ ಚೀಲದ ಸಾಮಾನೂ ಬದಲಾಯಿತು. ಇಂದು ಅದರೊಳಗಿನ ಮುಖ್ಯ ಯಂತ್ರ ಮಾರ್ಬಲ್ ಕಟರ್.

ಹೆಸರೇ ಹೇಳುವಂತೆ ಅದು ಅಮೃತಶಿಲೆ, ಗ್ರಾನೈಟ್, ಟೈಲ್ಸ್ ಕೊಯ್ಯಲು ರೂಪಿಸಿದ ಯಂತ್ರ. ಹಲ್ಲಿಲ್ಲದ ವಜ್ರದ ಹರಳಿನ ಬ್ಲೇಡು ಕಲ್ಲನ್ನು ತಿಕ್ಕಿ ತಿಕ್ಕಿ ಸೀಳುತ್ತದೆ. ನಮ್ಮ ಮರಗೆಲಸದವರು ಆ ಬ್ಲೇಡನ್ನು ತೆಗೆದು, ಅದರ ಜಾಗಕ್ಕೆ ನಾಲ್ಕು ಅಂಗುಲದ ಹಲ್ಲಿನ ಬ್ಲೇಡು ಹಾಕಿಕೊಳ್ಳುತ್ತಾರೆ. ಕೆಲಸ ಅಲ್ಲಿಗೇ ನಿಲ್ಲುವುದಿಲ್ಲ. ಪ್ಲೈವುಡ್ ತುಂಡೊಂದಕ್ಕೆ ಸೀಳು ಕೊರೆದು, ಯಂತ್ರವನ್ನು ಅದರ ಕೆಳಗೆ ಮಗುಚಿ ಬಿಗಿದು, ಬ್ಲೇಡು ಮೇಲಕ್ಕೆ ಚಾಚುವಂತೆ ಮಾಡಿದರೆ ಅದೇ 'ಟೇಬಲ್ ಸಾ'. ರಾಜ್ಯದ ಯಾವುದೇ ನಗರದ ಹೊಸ ಬಡಾವಣೆಯಲ್ಲಿ ನಾಲ್ಕು ಮನೆ ಹೊಕ್ಕು ನೋಡಿದರೆ ಒಂದರಲ್ಲಾದರೂ ಈ ಮೇಜು ಕಂಡೀತು.

ಅಪಾಯ ಎಲ್ಲಿದೆ ಎಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. 110 ಮಿಲಿಮೀಟರ್ ಬ್ಲೇಡಿನ ಮಾರ್ಬಲ್ ಕಟರ್ ನಿಮಿಷಕ್ಕೆ ಸುಮಾರು 12ರಿಂದ 13 ಸಾವಿರ ಸುತ್ತು ತಿರುಗುತ್ತದೆ. 13 ಸಾವಿರ ಸುತ್ತಿಗೆ ಬ್ಲೇಡಿನ ಅಂಚಿನ ವೇಗ ಗಂಟೆಗೆ 270 ಕಿ.ಮೀ. ಮರ ಕೊಯ್ಯಲೆಂದೇ ಇರುವ ಏಳು ಅಂಗುಲದ ಸರ್ಕ್ಯುಲರ್ ಸಾ ತಿರುಗುವುದು ಸುಮಾರು 5 ಸಾವಿರ ಸುತ್ತು. ಅದರ ಅಂಚಿನ ವೇಗ ಗಂಟೆಗೆ 175 ಕಿ.ಮೀ. ಆಸುಪಾಸು. ಅಂದರೆ ಚಿಕ್ಕದೆಂದು ನಾವು ತಾತ್ಸಾರ ಮಾಡುವ ಯಂತ್ರವೇ ಒಂದೂವರೆ ಪಟ್ಟು ವೇಗದ್ದು.

ವೇಗಕ್ಕಿಂತ ಮುಖ್ಯವಾದುದು ಇದರಲ್ಲಿ ಇಲ್ಲದ ಭಾಗಗಳು. ಸರ್ಕ್ಯುಲರ್ ಸಾದ ಕೆಳಭಾಗದಲ್ಲಿ ಸ್ಪ್ರಿಂಗ್ ಅಳವಡಿಸಿದ ಗಾರ್ಡ್ ಇರುತ್ತದೆ. ಮರದೊಳಗೆ ಹೋಗುವಾಗ ಅದು ಹಿಂದೆ ಸರಿದು, ಹೊರಬಂದ ಕ್ಷಣ ಬ್ಲೇಡನ್ನು ಮುಚ್ಚಿಕೊಳ್ಳುತ್ತದೆ. ಮಾರ್ಬಲ್ ಕಟರಿಗೆ ಈ ಗಾರ್ಡ್ ಇಲ್ಲ. ಕಾರ್ಖಾನೆಯಲ್ಲಿ ತಯಾರಾದ ಟೇಬಲ್ ಸಾದಲ್ಲಿ ಬ್ಲೇಡಿನ ಬೆನ್ನಿಗೇ ತೆಳುವಾದ ಉಕ್ಕಿನ ಪಟ್ಟಿಯೊಂದು ನಿಂತಿರುತ್ತದೆ. ಕೊಯ್ದ ಮರದ ಎರಡು ಹೋಳು ಮತ್ತೆ ಕೂಡಿ ಬ್ಲೇಡನ್ನು ಕಚ್ಚದಂತೆ ತಡೆಯುವುದು ಇದರ ಕೆಲಸ. ಕಚ್ಚಿಕೊಂಡರೆ ಹಲಗೆ ಕೆಲಸಗಾರನ ಹೊಟ್ಟೆ, ಎದೆಯ ಕಡೆಗೆ ರಭಸದಿಂದ ಚಿಮ್ಮುತ್ತದೆ. ಹಲಗೆಯನ್ನು ಒತ್ತಿ ಹಿಡಿದಿದ್ದ ಕೈ ಆಸರೆ ತಪ್ಪಿ ಬ್ಲೇಡಿನ ಮೇಲೆ ಬೀಳುತ್ತದೆ. ಕಸುಬಿನವರು ಕಿಕ್‌ಬ್ಯಾಕ್ ಎನ್ನುವುದು ಇದನ್ನೇ. ಬೆರಳು ಹೋಗಲು ಒಂದು ಸೆಕೆಂಡೂ ಬೇಕಾಗುವುದಿಲ್ಲ.

ಮೂರನೆಯ ಕೊರತೆ ನಮ್ಮ ವಿದ್ಯುತ್ ಪೂರೈಕೆಗೆ ಸಂಬಂಧಿಸಿದ್ದು. ಮಗುಚಿ ಕಟ್ಟಿದ ಯಂತ್ರದ ಸ್ವಿಚ್ಚು ಮೇಜಿನ ಅಡಿಯಲ್ಲಿ ಉಳಿಯುವುದರಿಂದ ಅದನ್ನು ಆನ್ ಸ್ಥಿತಿಯಲ್ಲೇ ಲಾಕ್ ಮಾಡಿ, ಗೋಡೆಯ ಪ್ಲಗ್ಗಿನಿಂದ ನಡೆಸುವುದು ರೂಢಿ. ಕರೆಂಟ್ ಹೋಯಿತೆಂದು ಕೆಲಸಗಾರ ಬ್ಲೇಡಿನ ಬಳಿಯ ಹೊಟ್ಟು ಒರೆಸಲು ಕೈ ಹಾಕಿರುವಾಗಲೇ ಕರೆಂಟ್ ಬಂದರೆ? ನಿಜವಾದ ಟೇಬಲ್ ಸಾಗಳಲ್ಲಿ ವಿದ್ಯುತ್ ಮರಳಿದರೂ ಮತ್ತೆ ಗುಂಡಿ ಒತ್ತುವ ತನಕ ಯಂತ್ರ ತಿರುಗದಂಥ ಸ್ವಿಚ್ಚು ಇರುತ್ತದೆ. ಪ್ಲೈವುಡ್ಡಿನ ಮೇಜಿಗೆ ಅಂಥ ವಿವೇಕವಿಲ್ಲ.

ತಪ್ಪು ಕೇವಲ ಕೆಲಸಗಾರನದೇ?

ಮಾರ್ಬಲ್ ಕಟರ್ ಬಳಸುವವರನ್ನು ಅಜ್ಞಾನಿಗಳೆಂದು ಜರೆಯುವುದು ಸುಲಭ. ಆದರೆ ಆ ಆಯ್ಕೆಯ ಹಿಂದೆ ತರ್ಕವಿದೆ. ಯಂತ್ರ ಅಗ್ಗ, ಹಗುರ. ದ್ವಿಚಕ್ರ ವಾಹನದಲ್ಲಿ ಒಯ್ಯಬಹುದು. ಕೆಟ್ಟರೆ ಊರೂರಿನಲ್ಲಿ ರಿಪೇರಿಯಾಗುತ್ತದೆ. 18-19 ಮಿ.ಮೀ. ಪ್ಲೈವುಡ್ಡಿಗೆ ಅದರ ಆಳ ಸಾಕು. ಚಿಕ್ಕ, ತೆಳು ಬ್ಲೇಡಾದ್ದರಿಂದ ಲ್ಯಾಮಿನೇಟಿನ ಅಂಚು ಒಡೆಯದೆ ನಯವಾಗಿ ಬರುತ್ತದೆ. ಒಂದೇ ಯಂತ್ರ ಕೈಯಲ್ಲೂ ನಡೆಯುತ್ತದೆ, ಮೇಜಿನಡಿಯೂ ನಡೆಯುತ್ತದೆ.

ಇನ್ನೊಂದು ಕಾರಣ ಕೂಲಿಯ ಪದ್ಧತಿ. ನಗರಗಳ ಒಳಾಂಗಣ ಕೆಲಸ ಹೆಚ್ಚಾಗಿ ನಡೆಯುವುದು ಚದರಡಿ ಲೆಕ್ಕದಲ್ಲಿ. ಮನೆಯವರಿಂದ ಒಳಾಂಗಣ ಸಂಸ್ಥೆಗೆ, ಅಲ್ಲಿಂದ ಗುತ್ತಿಗೆದಾರನಿಗೆ, ಅವನಿಂದ ಮೇಸ್ತ್ರಿಗೆ ಇಳಿಯುವ ದರ ಕೊನೆಗೆ ಬ್ಲೇಡಿನ ಮುಂದೆ ನಿಲ್ಲುವವನನ್ನು ತಲುಪುವಾಗ ತೆಳುವಾಗಿರುತ್ತದೆ. ಆ ಕೊನೆಯವನು ಬಹಳ ಸಲ ರಾಜಸ್ಥಾನ, ಉತ್ತರ ಪ್ರದೇಶ, ಬಿಹಾರದಿಂದ ಬಂದ ವಲಸಿಗ. ಇಲ್ಲವೇ ನಮ್ಮದೇ ಜಿಲ್ಲೆಗಳಿಂದ ಬಂದ ಯುವಕ. ಗಾರ್ಡ್ ಸರಿಪಡಿಸುತ್ತ ಕಳೆದ ಹತ್ತು ನಿಮಿಷಕ್ಕೆ ಅವನಿಗೆ ಯಾರೂ ಹಣ ಕೊಡುವುದಿಲ್ಲ. ಮೇಲಾಗಿ, ಅಪಾರ್ಟ್‌ಮೆಂಟುಗಳಲ್ಲಿ ಸದ್ದಿನ ಕೆಲಸಕ್ಕೆ ದಿನದ ಕೆಲವೇ ಗಂಟೆಗಳ ಅವಕಾಶ. ಆ ಗಂಟೆಗಳಲ್ಲಿ ಆದಷ್ಟೂ ಕೊಯ್ದು ಮುಗಿಸುವ ಧಾವಂತ.

ಹೊಸ್ತಿಲಲ್ಲೇ ನಿಲ್ಲುವ ಕಾನೂನು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಒಂದಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ-2020, ಕಾರ್ಖಾನೆ ಕಾಯ್ದೆ ಮತ್ತು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಸೇರಿದಂತೆ 13 ಕಾನೂನುಗಳನ್ನು ಒಂದೇ ಕಟ್ಟಿನಲ್ಲಿ ತಂದಿದೆ. ಅಪಾಯರಹಿತ ಕೆಲಸದ ಸ್ಥಳವನ್ನು ಒದಗಿಸುವುದು ಮಾಲೀಕನ ಕರ್ತವ್ಯವೆಂದು ಅದು ಸಾರುತ್ತದೆ.

ಆದರೆ ಆ ಕರ್ತವ್ಯ ಅನ್ವಯಿಸುವುದು ಸಾಮಾನ್ಯವಾಗಿ 10 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. 10ಕ್ಕಿಂತ ಕಡಿಮೆ ಕೆಲಸಗಾರರಿರುವ ನಿರ್ಮಾಣ ಕೆಲಸವೂ, 50 ಲಕ್ಷ ರೂ. ಮೀರದ ಸ್ವಂತ ವಾಸದ ಮನೆಯ ಕೆಲಸವೂ ಅದರ ವ್ಯಾಖ್ಯೆಯಿಂದ ಹೊರಗುಳಿಯುತ್ತವೆ. ಹಳೆಯ ಕಾಯ್ದೆಯಲ್ಲಿ ಸ್ವಂತ ಮನೆಗಿದ್ದ ಮಿತಿ 10 ಲಕ್ಷ ರೂ. ಯಂತ್ರಶಕ್ತಿ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಈ ಮೊದಲು 10 ಕೆಲಸಗಾರರು ಸಾಕಿತ್ತು. ಈಗ 20 ಮಂದಿ ಬೇಕು. ಒಂದು ಫ್ಲ್ಯಾಟಿನ ಕಪಾಟು, ಅಡುಗೆಮನೆ ಮಾಡುವ ಮೂರು-ನಾಲ್ಕು ಜನರ ತಂಡಕ್ಕೆ ಈ ಕಾನೂನು ಮನೆಯ ಹೊಸ್ತಿಲ ಆಚೆಗೇ ನಿಂತಂತೆ.

ಪರಿಹಾರದ ಕಥೆಯೂ ಹೀಗೆಯೇ. 1923ರ ನೌಕರರ ಪರಿಹಾರ ಕಾಯ್ದೆಯ ಮೊದಲ ಅನುಸೂಚಿ ಬೆರಳಿಗೊಂದು ಬೆಲೆ ಕಟ್ಟಿತ್ತು. ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 30ರಷ್ಟು ನಷ್ಟ, ಪೂರ್ತಿ ತೋರುಬೆರಳಿಗೆ ಶೇ. 14; ನಡುಬೆರಳಿಗೆ ಶೇ. 12, ಒಂದು ಕೈಯ ನಾಲ್ಕು ಬೆರಳುಗಳಿಗೆ ಶೇ. 50. ಕಚೇರಿಯಲ್ಲಿ ಕೂರುವವನಿಗೂ ಉಳಿ ಹಿಡಿಯುವವನಿಗೂ ತೋರುಬೆರಳಿನ ಬೆಲೆ ಒಂದೇ ಎಂಬ ಈ ಗಣಿತವನ್ನು ಯಾವ ಬಡಗಿಯೂ ಒಪ್ಪಲಾರ. ಈ ವಿಷಯ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಆದರೆ ಯಾವ ಕಾನೂನಿನಡಿ ಪರಿಹಾರ ಕೇಳಬೇಕಾದರೂ ಮಾಲೀಕ ಯಾರೆಂದು ಮೊದಲು ತೋರಿಸಬೇಕು. ಚದರಡಿ ಲೆಕ್ಕದ ಕೆಲಸದಲ್ಲಿ, ಲಿಖಿತ ಒಪ್ಪಂದವಿಲ್ಲದ ಸರಪಳಿಯಲ್ಲಿ, ಮಾಲೀಕ ಯಾರು? ಮನೆಯವರೇ, ಸಂಸ್ಥೆಯೇ, ಮೇಸ್ತ್ರಿಯೇ? ಪ್ರತಿಯೊಬ್ಬರೂ ಮುಂದಿನವರತ್ತ ಬೆರಳು ತೋರಿಸುತ್ತಾರೆ. ಬೆರಳು ಕಳೆದುಕೊಂಡವನು ಯಾರತ್ತ ತೋರಿಸಬೇಕು?

ಒಂದು ದಾರಿ ಉಳಿದಿದೆ. ಬಡಗಿ ಕೆಲಸವೂ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಪಟ್ಟಿಯಲ್ಲಿರುವುದರಿಂದ, ವರ್ಷದಲ್ಲಿ 90 ದಿನ ದುಡಿದ 18ರಿಂದ 60 ವರ್ಷದೊಳಗಿನವರು ನೋಂದಾಯಿಸಿಕೊಳ್ಳಬಹುದು. ಅವಘಡದ ಪರಿಹಾರಕ್ಕೆ ಅರ್ಜಿ ಹಾಕಬಹುದು. ಆದರೆ ಊರೂರು ಅಲೆಯುವ ಕೆಲಸಗಾರನಿಗೆ 90 ದಿನದ ಪ್ರಮಾಣಪತ್ರ ಹೊಂದಿಸುವುದೇ ಒಂದು ಸಾಹಸ.

ಕಾಣದ ಗಾಯಗಳು: ಧೂಳು, ಸದ್ದು

ಬೆರಳಿನ ಗಾಯ ಕಣ್ಣಿಗೆ ಕಾಣುತ್ತದೆ. ಮೂಗು, ಶ್ವಾಸಕೋಶ, ಕಿವಿಗಳದು ಹಾಗಲ್ಲ. ಇಂಗ್ಲೆಂಡಿನ ಪೀಠೋಪಕರಣ ಕಾರ್ಮಿಕರಲ್ಲಿ ಮೂಗಿನ ಕ್ಯಾನ್ಸರ್ ಅಸಹಜವಾಗಿ ಹೆಚ್ಚಿದೆಯೆಂಬುದನ್ನು ಅಲ್ಲಿನ ವೈದ್ಯರು 1960ರ ದಶಕದಲ್ಲೇ ಗುರುತಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿದೆ. ಪ್ಲೈವುಡ್, ಎಂಡಿಎಫ್‌ಗಳ ಅಂಟಿನಲ್ಲಿ ಬಳಕೆಯಾಗುವ ಫಾರ್ಮಾಲ್ಡಿಹೈಡ್ ಕೂಡ ಅದೇ ಗುಂಪಿನಲ್ಲಿದೆ. ಯುರೋಪಿನ ಒಕ್ಕೂಟ ಗಟ್ಟಿಮರದ ಧೂಳಿನ ಮಿತಿಯನ್ನು 2023ರ ಜನವರಿಯಿಂದ ಘನ ಮೀಟರಿಗೆ 2 ಮಿಲಿಗ್ರಾಮಿಗೆ ಇಳಿಸಿದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಂಡಿಎಫ್ ಕೊಯ್ಯುವಾಗ ಏಳುವ ಮೋಡವನ್ನು ಕಂಡವರಿಗೆ ಈ ಮಿತಿ ಎಷ್ಟು ದೂರವಿದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಈ ಧೂಳಿಗೆ ಮೂಗಿಗೆ ಸುತ್ತಿದ ಕರವಸ್ತ್ರ ಅಥವಾ ಟವೆಲ್ ಉತ್ತರವಲ್ಲ. ಕೊರೊನಾ ಕಾಲದಲ್ಲಿ ಎಲ್ಲರಿಗೂ ಪರಿಚಿತವಾದ ಎನ್-95 ಅಥವಾ ಐಎಸ್ 9473 ಮಾನಕದ ಎಫ್‌ಎಫ್‌ಪಿ-2 ದರ್ಜೆಯ ಮುಖಗವಸು ಬೇಕು. ಅದು ಮುಖಕ್ಕೆ ಅಂಟಿಕೊಂಡು ಕೂರಬೇಕು. ದಟ್ಟ ಗಡ್ಡವಿದ್ದರೆ ಅಂಚಿನಿಂದ ಗಾಳಿ ಸೋರುತ್ತದೆ. ಮುಖಗವಸಿಗಿಂತಲೂ ಮೇಲಾದುದು ಧೂಳು ಏಳುವಲ್ಲೇ ಅದನ್ನು ಹೀರುವ ವ್ಯಾಕ್ಯೂಮ್ ಯಂತ್ರ. ಸಂಜೆ ಪೊರಕೆಯಿಂದ ಗುಡಿಸಿದರೆ ಹಗಲಿಡೀ ನೆಲಕ್ಕಿಳಿದ ಧೂಳನ್ನು ಮತ್ತೆ ಮೂಗಿಗೆ ಏರಿಸಿದಂತೆಯೇ.

ಸದ್ದಿನ ವಿಷಯದಲ್ಲಿ ನಿರ್ಲಕ್ಷ್ಯ ಇನ್ನೂ ಹೆಚ್ಚು. ಮರ ಕೊಯ್ಯುವ ಯಂತ್ರದ ಸದ್ದು ಸುಲಭವಾಗಿ 100 ಡೆಸಿಬೆಲ್ ಮುಟ್ಟುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಸಹಿಸಬಹುದಾದರೆ, 100 ಡೆಸಿಬೆಲ್‌ಗೆ ಇರುವ ಮಿತಿ ಕೇವಲ 15 ನಿಮಿಷ. ಹೀಗೆ ಹೋದ ಶ್ರವಣಶಕ್ತಿ ಮರಳುವುದಿಲ್ಲ. ಕಿವಿಗೆ ತುರುಕುವ ಇಯರ್ ಪ್ಲಗ್ಗಿನ ಬೆಲೆ ಒಂದು ಊಟದ ಬೆಲೆಗಿಂತ ಕಡಿಮೆ.

15 ಸಾವಿರದಲ್ಲಿ ಮೊದಲು ಏನು?

ಕಿಟ್ಟಿನ ಹಣವೇ ಇರಲಿ, ಸ್ವಂತ ದುಡಿಮೆಯ ಹಣವೇ ಇರಲಿ, ಖರ್ಚಿನ ಕ್ರಮ ಮುಖ್ಯ. ಸುರಕ್ಷತೆಯ ಶಾಸ್ತ್ರದಲ್ಲಿ ಒಪ್ಪಿತವಾದ ಸೂತ್ರವೊಂದಿದೆ: ಮೊದಲು ಅಪಾಯವನ್ನೇ ತೆಗೆ, ಆಗದಿದ್ದರೆ ಯಂತ್ರಕ್ಕೆ ತಡೆ ಹಾಕು, ಕೊನೆಗೆ ಮೈಗೆ ರಕ್ಷಣೆ ತೊಡಿಸು. ನಮ್ಮಲ್ಲಿ ಈ ಕ್ರಮ ತಲೆಕೆಳಗಾಗಿದೆ. ಹಳದಿ ಹೆಲ್ಮೆಟ್ ಹಂಚಿ ಛಾಯಾಚಿತ್ರ ತೆಗೆಸಿಕೊಂಡರೆ ಸುರಕ್ಷತೆ ಮುಗಿಯಿತೆಂಬ ಭಾವನೆ ಬೇರೂರಿದೆ. ಒಳಾಂಗಣದ ಮರಗೆಲಸದವನಿಗೆ ತಲೆಗಿಂತ ಮೊದಲು ಬೇಕಿರುವುದು ಬೆರಳು, ಕಣ್ಣು, ಮೂಗು, ಕಿವಿಗಳ ರಕ್ಷಣೆ.

ಆದ್ದರಿಂದ ಮೊದಲ ಖರ್ಚು ಗಾರ್ಡ್ ಇರುವ ಸರ್ಕ್ಯುಲರ್ ಸಾ. ಮಾರ್ಬಲ್ ಕಟರಿಗೂ ಅದಕ್ಕೂ ಇರುವ ಬೆಲೆಯ ಅಂತರ ನುರಿತ ಬಡಗಿಯ ಕೆಲವು ದಿನಗಳ ಕೂಲಿಯಷ್ಟು. ಪ್ಲೈವುಡ್ ಹಾಳೆಯನ್ನು ನೆಲದಲ್ಲಿ ಎತ್ತರಿಸಿ ಇಟ್ಟು, ನೇರ ಪಟ್ಟಿಯೊಂದನ್ನು ಕ್ಲ್ಯಾಂಪಿನಿಂದ ಬಿಗಿದು, ಅದರ ಗುಂಟ ಯಂತ್ರವನ್ನು ನಡೆಸಿದರೆ ಮೇಜಿನ ಅಗತ್ಯವೇ ಬಹುಪಾಲು ತಪ್ಪುತ್ತದೆ. ಹಲ್ಲು ಹೆಚ್ಚಿರುವ ಬ್ಲೇಡು ಹಾಕಿದರೆ ಲ್ಯಾಮಿನೇಟಿನ ಅಂಚೂ ಚೆನ್ನಾಗಿ ಬರುತ್ತದೆ. ಬಾಗಿದ ಕೊಯ್ತಕ್ಕೆ ಜಿಗ್ ಸಾ ಇದೆ. ಸಾಲ ಪಡೆದು ಸ್ವಂತ ಶೆಡ್ ಹಾಕುವವರು ಮಾತ್ರ ಟೇಬಲ್ ಸಾ ಕೊಳ್ಳಲಿ. ಕೊಳ್ಳುವುದಾದರೆ ಗಾರ್ಡ್, ಬೆನ್ನ ಪಟ್ಟಿ, ಸುರಕ್ಷತಾ ಸ್ವಿಚ್ಚು - ಮೂರೂ ಇರುವುದನ್ನೇ ಕೊಳ್ಳಲಿ. ಕೋನ ಗ್ರೈಂಡರಿಗೆ ಮರದ ಹಲ್ಲಿನ ಬ್ಲೇಡು ಹಾಕುವುದಂತೂ ಸಲ್ಲದು.

ಅಂಗಡಿಯಲ್ಲಿ ನೋಡಬೇಕಾದ ಅಂಶಗಳು ಹೆಚ್ಚಿಲ್ಲ. ಬ್ಲೇಡಿನ ಮೇಲೆ ಅಚ್ಚಾಗಿರುವ ಗರಿಷ್ಠ ಸುತ್ತಿನ ಸಂಖ್ಯೆ ಯಂತ್ರದ ಸುತ್ತಿಗಿಂತ ಹೆಚ್ಚಿರಬೇಕು. ಯಂತ್ರದ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಇಬ್ಬಗೆಯ ವಿದ್ಯುತ್ ನಿರೋಧಕವುಳ್ಳದ್ದು ಎಂದರ್ಥ. ಬೆಂಗಳೂರಿನ ಎಸ್.ಪಿ. ರಸ್ತೆ, ಎಸ್.ಜೆ.ಪಿ. ರಸ್ತೆಯಂಥ ಪೇಟೆಗಳಲ್ಲಿ ಎಲ್ಲ ದರದ ಸರಕೂ ಸಿಗುತ್ತದೆ. ಹೆಸರು ಹೋಲುವ ನಕಲಿಯ ಬಗ್ಗೆ ಎಚ್ಚರವಿರಲಿ, ರಸೀದಿ ಪಡೆಯುವುದನ್ನು ಮರೆಯಬಾರದು.

ಎರಡನೆಯ ಖರ್ಚು ಮೈಮೇಲಿನ ರಕ್ಷಣೆ: ಬದಿಯೂ ಮುಚ್ಚುವ ಕನ್ನಡಕ, ಮುಖಗವಸು, ಇಯರ್ ಪ್ಲಗ್, ಬೆರಳು ಮುಚ್ಚುವ ಗಟ್ಟಿ ಬೂಟು. ಕೈಗವಸಿನ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಪ್ಲೈವುಡ್ ಹೊರುವಾಗ ಅದು ಸರಿ. ತಿರುಗುವ ಬ್ಲೇಡಿನ ಬಳಿ ಕೈಗವಸು ತೊಡಬಾರದು. ಹಲ್ಲಿಗೆ ಸಿಕ್ಕಿದ ಬಟ್ಟೆ ಇಡೀ ಕೈಯನ್ನು ಎಳೆದುಕೊಳ್ಳುತ್ತದೆ. ಮಣಿಕಟ್ಟಿನ ದಾರ, ಕಡಗ, ಉಂಗುರ, ಸಡಿಲ ತೋಳಿನ ಅಂಗಿ, ಲುಂಗಿಗೂ ಇದೇ ಮಾತು.

ಮೂರನೆಯದಕ್ಕೆ ಖರ್ಚೇ ಇಲ್ಲ. ಪ್ಲೈವುಡ್ ಚೂರಿನಿಂದ ತಳ್ಳುಕೋಲೊಂದನ್ನು ಕೊಯ್ದಿಟ್ಟುಕೊಂಡರೆ ಕೊನೆಯ ಅರ್ಧ ಅಡಿಯನ್ನು ಬೆರಳಿನಿಂದ ತಳ್ಳುವ ಪ್ರಮೇಯವಿರುವುದಿಲ್ಲ. ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲುವುದು, ಬ್ಲೇಡು ಬದಲಿಸುವ ಮುನ್ನ ಪ್ಲಗ್ ಕೀಳುವುದು, ಕರೆಂಟ್ ಹೋದ ಕೂಡಲೇ ಸ್ವಿಚ್ ಆರಿಸುವುದು, ಉಳಿಯನ್ನು ಹರಿತವಾಗಿಡುವುದು - ಇವು ಅಭ್ಯಾಸದ ಮಾತು. ಮೊಂಡು ಉಳಿಗೆ ಹೆಚ್ಚು ಬಲ ಹಾಕಬೇಕು. ಬಲ ಹೆಚ್ಚಿದಷ್ಟೂ ಜಾರುವ ಸಂಭವ ಹೆಚ್ಚು ಎಂಬುದು ಹಳೆಯ ಬಡಗಿಗಳಿಗೆ ತಿಳಿದದ್ದೇ.

ಅವಘಡ ನಡೆದರೆ

ಇಷ್ಟಾದರೂ ಅವಘಡ ನಡೆದೀತು. ಆಗ ಮೊದಲು ಮಾಡಬೇಕಾದುದು ಶುಭ್ರ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು, ಕೈಯನ್ನು ಮೇಲೆತ್ತಿ ರಕ್ತ ನಿಲ್ಲಿಸುವುದು. ತುಂಡಾದ ಬೆರಳನ್ನು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿ ಇರಿಸಬೇಕು. ಬೆರಳನ್ನು ನೇರವಾಗಿ ಮಂಜುಗಡ್ಡೆಯ ಮೇಲೆ ಇಡಬಾರದು. ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ಅರಿಶಿನ, ಕಾಫಿಪುಡಿ ಮೆತ್ತಬಾರದು. ಆದಷ್ಟು ಬೇಗ ಪ್ಲಾಸ್ಟಿಕ್ ಸರ್ಜರಿ ವಿಭಾಗವಿರುವ ಆಸ್ಪತ್ರೆ ತಲುಪಿದರೆ ಬೆರಳನ್ನು ಮರಳಿ ಜೋಡಿಸುವ ಸಾಧ್ಯತೆ ಇರುತ್ತದೆ. ಯಾವ ಆಸ್ಪತ್ರೆ ಎಂಬುದನ್ನು ಕೆಲಸ ಆರಂಭಿಸುವ ದಿನವೇ ಗೋಡೆಯ ಮೇಲೆ ಬರೆದಿಡುವುದು ಲೇಸು.

ಹೊಣೆ ಹೊರಬೇಕಾದವರು

ಕಾನೂನು ಬಾಗಿಲಾಚೆ ನಿಂತಿದೆಯೆಂದರೆ ಒಳಗೆ ಯಾರೂ ಇಲ್ಲವೆಂದಲ್ಲ. ಮನೆಯವರಿದ್ದಾರೆ, ಅಪಾರ್ಟ್‌ಮೆಂಟ್ ಸಂಘವಿದೆ. ಒಳಾಂಗಣ ಕೆಲಸಕ್ಕೆ ಅನುಮತಿ ಕೊಡುವಾಗ ಸಂಘಗಳು ಠೇವಣಿ ಕೇಳುತ್ತವೆ, ಲಿಫ್ಟ್ ಬಳಕೆಗೆ, ಸದ್ದಿನ ಸಮಯಕ್ಕೆ, ಕಸದ ವಿಲೇವಾರಿಗೆ ನಿಯಮ ವಿಧಿಸುತ್ತವೆ. ಅದೇ ಅರ್ಜಿಗೆ ಇನ್ನೆರಡು ಸಾಲು ಸೇರಿಸಲು ತೊಡಕೇನು? 'ಮಗುಚಿ ಕಟ್ಟಿದ ಮಾರ್ಬಲ್ ಕಟರ್ ಬಳಸುವಂತಿಲ್ಲ. ಗಾರ್ಡ್ ಇಲ್ಲದ ಯಂತ್ರಕ್ಕೆ ಪ್ರವೇಶವಿಲ್ಲ.' ಲಕ್ಷಗಟ್ಟಲೆ ವೆಚ್ಚದ ಅಡುಗೆಮನೆಗೆ ಬೆಲೆಪಟ್ಟಿ ಕೇಳುವ ಗ್ರಾಹಕರು, ಕೆಲಸಗಾರರಿಗೆ ವಿಮೆ ಇದೆಯೇ, ಯಾವ ಯಂತ್ರ ತರುತ್ತೀರಿ ಎಂದೂ ಕೇಳಬಹುದು. ಹಲಗೆಗಳನ್ನು ಕಾರ್ಖಾನೆಯಲ್ಲೇ ಕೊಯ್ದು ತಂದು ಮನೆಯಲ್ಲಿ ಜೋಡಿಸುವ ಪದ್ಧತಿಯೂ ಈಗ ಬೆಳೆಯುತ್ತಿದೆ. ಮನೆಯೊಳಗಿನ ಧೂಳು, ಅಪಾಯ ಎರಡೂ ಅದರಿಂದ ತಗ್ಗುತ್ತವೆ.

ಸರ್ಕಾರದ ಮುಂದೆಯೂ ದಾರಿಗಳಿವೆ. ಅಪಾಯಕಾರಿ ಕೆಲಸವಾದರೆ ಒಬ್ಬನೇ ಕೆಲಸಗಾರನಿರುವ ಸ್ಥಳಕ್ಕೂ ಹೊಸ ಸಂಹಿತೆಯನ್ನು ಅಧಿಸೂಚನೆಯ ಮೂಲಕ ವಿಸ್ತರಿಸಲು ಅವಕಾಶವಿದೆ. ತೆರೆದ ಬ್ಲೇಡಿನ ಮರಗೆಲಸ ಆ ಪಟ್ಟಿಗೆ ಬಾರದಿದ್ದರೆ ಇನ್ನಾವುದು ಬರಬೇಕು? ಪಿಎಂ ವಿಶ್ವಕರ್ಮದ ಮೂಲ ತರಬೇತಿ 5ರಿಂದ 7 ದಿನಗಳದು. ಅದರಲ್ಲಿ ಒಂದು ಪೂರ್ತಿ ದಿನವನ್ನು ಯಂತ್ರದ ಸುರಕ್ಷತೆಗೆ ಮೀಸಲಿಡುವುದು ಹೊರೆಯೇನಲ್ಲ. ಐಟಿಐಗಳಲ್ಲಿ ಒಂದು ವರ್ಷದ ಬಡಗಿ ತರಬೇತಿಯಿದೆ. ಬೆಂಗಳೂರಿನ ಮಲ್ಲೇಶ್ವರದ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಆಧುನಿಕ ಮರಗೆಲಸದ ತರಬೇತಿ ಕೇಂದ್ರವಿದೆ. ಕೆಲಸ ಬಿಟ್ಟು ಅಲ್ಲಿಗೆ ಹೋಗಲಾರದವನಿಗೆ ಆ ತಿಳಿವಳಿಕೆಯನ್ನು ಅವನ ಭಾಷೆಯಲ್ಲಿ, ಕನ್ನಡದಲ್ಲೋ ಹಿಂದಿಯಲ್ಲೋ, ಒಯ್ದು ಮುಟ್ಟಿಸಬೇಕಾಗಿದೆ.

ಅಮೆರಿಕದಲ್ಲಿ ಟೇಬಲ್ ಸಾ ಗಾಯಗಳಿಗಾಗಿ 2015ರಲ್ಲಿ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ ಪ್ರಕರಣಗಳು ಸುಮಾರು 33 ಸಾವಿರ ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಅಂದಾಜಿಸಿತ್ತು. ಬೆರಳು ತಾಗಿದೊಡನೆ ತಾನೇ ನಿಲ್ಲುವ ಬ್ಲೇಡನ್ನು ಕಡ್ಡಾಯಗೊಳಿಸಬೇಕೇ ಎಂಬ ಚರ್ಚೆ ಅಲ್ಲಿ ವರ್ಷಗಟ್ಟಲೆ ನಡೆಯಿತು. ಅಂಥ ದುಬಾರಿ ಯಂತ್ರದ ಮಾತು ನಮಗೆ ಇನ್ನೂ ದೂರ. ಆದರೆ ಎಣಿಸಿದ್ದರಿಂದಲೇ ಅಲ್ಲಿ ಚರ್ಚೆ ಹುಟ್ಟಿತು ಎಂಬ ಪಾಠ ದುಬಾರಿಯದಲ್ಲ. ಜಿಲ್ಲಾಸ್ಪತ್ರೆಗಳಿಗೆ ಬರುವ ಕೈಗಾಯಗಳಲ್ಲಿ ಯಂತ್ರದ ಹೆಸರನ್ನೂ ಬರೆದುಕೊಳ್ಳುವ ಒಂದು ಕಾಲಂ ಸೇರಿಸಿದರೆ ವರ್ಷದೊಳಗೆ ರಾಜ್ಯದ ಚಿತ್ರಣ ಸ್ಪಷ್ಟವಾದೀತು.

ಹಂಚಿದ ಕಿಟ್ಟುಗಳ ಲೆಕ್ಕ ಸರ್ಕಾರದ ಬಳಿ ಇದೆ. ಮುಂದಿನ ವಿಶ್ವಕರ್ಮ ಜಯಂತಿಯ ವೇದಿಕೆಯಲ್ಲಿ ಉಳಿದ ಬೆರಳುಗಳ ಲೆಕ್ಕವನ್ನೂ ಓದುವಂತಾದರೆ, ಕೊಟ್ಟ 15 ಸಾವಿರ ರೂಪಾಯಿ ಸಾರ್ಥಕವಾಯಿತೆನ್ನಬಹುದು.